ಕೆಂಚನಗುಡ್ಡದಲ್ಲಿ ತಪ್ಪಿದ ಬರೆ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ. ಕಾಲು ಉಳುಕಿದರೆ ಎಣ್ಣೆ ಕಾಯಿಸಿ ನೀವುತ್ತಾರೆ. ತಲೆನೋವು ಅಂದರೆ ಮಾತ್ರ ನಮ್ಮ ಜನಕ್ಕೆ ನಂಬಿಕೆ ಬರುವುದಿಲ್ಲ. ಗಂಡಸಿಗೆ ಬಂದರೆ ಒಂದು ಲೋಟ ಚಹಾ ಸಿಗುತ್ತದೆ, ಹೆಂಗಸಿಗೆ ಬಂದರೆ ನಾಲ್ಕು ಮಾತು ಸಿಗುತ್ತವೆ. ಕುರುಗೋಡಿನ ಶಿವಬಸಮ್ಮ ಹೀಗೆ ಮಾತು ತಿಂದು ತಿಂದೇ ಸುಸ್ತಾದವಳು.

ಅವಳದು ಬಂದಂತೆ ಹೋಗುವ ತಲೆನೋವಲ್ಲ. ತಲೆಯ ಒಂದೇ ಮಗ್ಗುಲು ಹಿಡಿಯುತ್ತದೆ. ಕಣ್ಣಿನ ಪಕ್ಕದ ಕಣತಲೆಯಲ್ಲಿ ನರ ಉಬ್ಬಿ ಟಕಟಕ ಬಡಿಯುತ್ತದೆ. ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ವಾಂತಿಯಾಗಿ ಒಂದು ಗಾಢ ನಿದ್ದೆ ಬಿದ್ದರೆ ಬಿಡುತ್ತದೆ. ಆದರೆ ಒಕ್ಕಲುತನದ ಮನೆಯಲ್ಲಿ ಹಗಲು ಹೊತ್ತು ಮಲಗುವ ಸೊಸೆಯನ್ನು ಯಾರು ಕಂಡಿದ್ದಾರೆ? ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದಳು, ಸಗಣಿ ಬಾಚುತ್ತಿದ್ದಳು, ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದಳು.

ಅತ್ತೆ ಅಕ್ಕನಾಗಮ್ಮ ಕೆಟ್ಟವಳೆಂದು ತಿಳಿಯಬೇಡಿ. ಬಾಯಿ ಜೋರು, ಕರುಳು ಮೆತ್ತಗೆ. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಅವಳ ತಲೆನೋವು ನೋಡಲಾರದೆ ಸಿರುಗುಪ್ಪದ ಆಚೆ ಹೊಳೆದಂಡೆಯ ಕೆಂಚನಗುಡ್ಡಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಗಾದೆಪ್ಪ ಎಂಬಾತ ಬರೆ ಹಾಕುತ್ತಾನೆ. ಅರಿಶಿಣದ ಕೊಂಬನ್ನು ದೀಪಕ್ಕೆ ಹಿಡಿದು ಕೆಂಡ ಮಾಡಿ, ಕಣತಲೆಯಲ್ಲಿ ನರ ಎಲ್ಲಿ ಉಬ್ಬಿದೆಯೋ ಅಲ್ಲಿಗೇ ಒತ್ತುತ್ತಾನೆ. ಅವತ್ತು ಸೊಸೆಯ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡವಳು ಅತ್ತೆಯೇ. ಮರುದಿನ ಬೆಳಗ್ಗೆ ತಲೆನೋವು ಇರಲಿಲ್ಲ. ಅಕ್ಕನಾಗಮ್ಮ ಓಣಿ ತುಂಬ ಹೇಳಿಕೊಂಡು ಬಂದಳು.

ಸ್ವಲ್ಪ ದಿನಕ್ಕೆ ನೋವು ತಿರುಗಿ ಬಂತು. ಶಿವಬಸಮ್ಮ ಯಾರಿಗೂ ಹೇಳಲಿಲ್ಲ. ಸುಟ್ಟ ಗಾಯ ಇನ್ನೂ ಹಸಿಯಾಗಿತ್ತು, ಹೇಳಿ ಏನು ಮಾಡುವುದು? ಅಂದಿನಿಂದ ಅವಳ ಬಾಯಲ್ಲಿ ತಲೆನೋವು ಎಂಬ ಮಾತೇ ಇಲ್ಲ. ಮುಖ ಜೋತು ಬಿದ್ದರೆ ಪಿತ್ತ ಎನ್ನುತ್ತಿದ್ದಳು, ನಿದ್ದೆ ಸಾಲದು ಎನ್ನುತ್ತಿದ್ದಳು. ಮನೆಯವರು ಏನು ತಿಳಿದರು? ಬರೆಯಿಂದ ತಲೆನೋವು ಹೋಯಿತು, ಉಳಿದದ್ದು ಮೈಗಳ್ಳತನ ಎಂದು ತಿಳಿದರು. ಗಂಡ ಉಜ್ಜಿನಪ್ಪ ತಾಯಿ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ ಎನ್ನುವ ಪುಣ್ಯಾತ್ಮ. ಎತ್ತಿನ ಕಾಲು ಕುಂಟಿದರೆ ಗೊತ್ತಾಗುತ್ತಿತ್ತು ಅವನಿಗೆ, ಹೆಂಡತಿಯ ಮುಖ ಗೊತ್ತಾಗುತ್ತಿರಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಅದೇ ನೋವು ಮಗಳು ವಿರೂಪಿಗೂ ಬಂತು.

ವಿರೂಪಿ ಆಗ ಸಾಲಿಗೆ ಹೋಗುವ ಹುಡುಗಿ. ಹೆಸರು ವಿರೂಪಮ್ಮ, ಕರೆಯುವುದು ವಿರೂಪಿ. ಒಂದು ದಿನ ಸಾಲಿಯಿಂದ ಅರ್ಧಕ್ಕೇ ಬಂದು ಕಂಬ ಹಿಡಿದು ನಿಂತಳು. ಕಣ್ಣ ಮುಂದೆ ಏನೋ ಮಿಣಮಿಣ ಹರಿದಾಡುತ್ತದೆ, ಹಲಗೆಯ ಮೇಲಿನ ಅಕ್ಷರ ಅರ್ಧ ಕಾಣುವುದಿಲ್ಲ ಎಂದಳು. ಆಮೇಲೆ ತಲೆ ಹಿಡಿದು ಅತ್ತಳು, ವಾಂತಿ ಮಾಡಿಕೊಂಡಳು. ಶಿವಬಸಮ್ಮ ಓಡಿ ಬಂದು ಮಗಳನ್ನು ಹಿಡಿದುಕೊಂಡಳು. ಮಗಳು ಹೇಳಿದ ಮಿಣಮಿಣವನ್ನು ಅವಳು ತನ್ನ ಕಣ್ಣಲ್ಲೇ ಎಷ್ಟೋ ಸಲ ಕಂಡಿದ್ದಳು.

ಅಕ್ಕನಾಗಮ್ಮ ಮೊದಲು ದೃಷ್ಟಿ ತೆಗೆದಳು. ಆಮೇಲೆ ಕುರುಗೋಡು ಬಸವೇಶ್ವರನಿಗೆ ಹರಕೆ ಹೊತ್ತಳು, ಮೊಮ್ಮಗಳು ಸೋಮವಾರ ತಪ್ಪದೆ ಉಪವಾಸ ಮಾಡುತ್ತಾಳೆ ಎಂದು. ಸೋಮವಾರ ಬೆಳಗ್ಗೆಯಿಂದ ಬರೀ ನೀರು. ಸಂಜೆ ಗುಡಿಗೆ ಹೋಗಿ ಬಂದ ಮೇಲೆ ಊಟ. ಬೆಳೆಯುವ ಹುಡುಗಿ ಖಾಲಿ ಹೊಟ್ಟೆಯಲ್ಲಿ ಬಿಸಿಲಲ್ಲಿ ಸಾಲಿಗೆ ಹೋಗಿ ಬರುತ್ತಿದ್ದಳು. ಬಳ್ಳಾರಿ ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ, ಚಳಿಗಾಲದಲ್ಲೂ ಅದಕ್ಕೆ ರಜೆ ಇಲ್ಲ. ತಲೆನೋವು ಕಡಿಮೆಯಾಗುವ ಬದಲು ಸೋಮವಾರ ಸೋಮವಾರವೇ ಬರತೊಡಗಿತು. ಅಜ್ಜಿ ಇದನ್ನು ಹೇಗೆ ತಿಳಿದುಕೊಂಡಳು ಅನ್ನುತ್ತೀರಿ? ದೇವರ ವಾರದ ದಿನವೇ ಬರುತ್ತದೆ ಅಂದರೆ ಇದು ಯಾವುದೋ ಗಾಳಿಯೇ ಸೈ, ಸ್ವಾಮಿಗೆ ಹೆದರಿ ಹಾರಾಡುತ್ತದೆ ಎಂದಳು. ಹರಕೆ ಫಲಿಸಿತು ಎಂದು ಖುಷಿಯೂ ಪಟ್ಟಳು.

ಮೆಣಸಿನಕಾಯಿ ಸುಗ್ಗಿ ಬಂತು. ಪಡಸಾಲೆಯಲ್ಲಿ ಕೆಂಪು ರಾಶಿ ಸುರಿದುಕೊಂಡು ಮನೆಯವರು, ಪಕ್ಕದ ಮನೆಯ ಹುಲುಗಮ್ಮ ಎಲ್ಲರೂ ತೊಟ್ಟು ಬಿಡಿಸುತ್ತ ಕೂತಿದ್ದರು. ಘಾಟು ಮೂಗಿಗೆ ಅಡರುತ್ತಿತ್ತು. ಅವತ್ತೂ ಸೋಮವಾರ. ವಿರೂಪಿ ಕೈ ನಿಲ್ಲಿಸಿ ಗೋಡೆಗೆ ಒರಗಿದಳು. ನೋಡನೋಡುತ್ತ ಹುಡುಗಿಯ ಮುಖದ ಕಳೆ ಇಳಿದು ಸುಣ್ಣ ಬಳಿದಂತೆ ಬೆಳ್ಳಗಾಯಿತು. ಹುಲುಗಮ್ಮ ಎದ್ದು ದೂರ ನಿಂತಳು. ಗಾಳಿ ಮೈಗೆ ಬಂದಾಗ ಮೊದಲು ಮುಖವೇ ಬಣ್ಣ ಬದಲಿಸುವುದಂತೆ, ತಾನು ಬೇರೆ ಕಡೆಯೂ ನೋಡಿದ್ದೇನೆ ಎಂದಳು.

ಅಷ್ಟರಲ್ಲಿ ಎರ್ರಮ್ಮ ಒಳಗೆ ಬಂದಳು. ಎರ್ರಮ್ಮ ನಮ್ಮ ಕಡೆಯ ನರ್ಸಮ್ಮ, ಹುಟ್ಟಿದ್ದು ಸಿರುಗುಪ್ಪ, ಮನೆಮಾತು ಅರ್ಧ ತೆಲುಗು. ಸಿಡುಬು ಹೊಡೆದೋಡಿಸುವಾಗ ಇವಳನ್ನು ಕಂಡರೆ ಮಕ್ಕಳು ಕಣಜದ ಹಿಂದೆ ಅಡಗುತ್ತಿದ್ದರು. ಸಿಡುಬು ಹೋಯಿತು, ಎರ್ರಮ್ಮ ಉಳಿದಳು, ಈಗ ಕೂಸುಗಳ ಚುಚ್ಚುಮದ್ದಿಗೆ ಬರುತ್ತಾಳೆ. ಅವಳು ಹುಡುಗಿಯ ಮುಖ ನೋಡಿದಳು, ಕೆನ್ನೆ ಮುಟ್ಟಿದಳು. ಜ್ವರ ಇಲ್ಲ, ಕುತ್ತಿಗೆ ಬಿಗಿದಿಲ್ಲ, ಕೈಕಾಲು ಸರಿಯಾಗಿ ಆಡುತ್ತವೆ ಎಂದು ನೋಡಿಕೊಂಡಳು. ಮಿಣಮಿಣ ಕಂಡಿತೇ ಎಂದು ಕೇಳಿದಳು. ಕಣ್ಣು ಮುಚ್ಚಿದರೂ ಕಾಣುತ್ತಿತ್ತು ಎಂದಳು ವಿರೂಪಿ.

"ಇದು ಗಾಳಿ ಅಲ್ಲಮ್ಮ, ಅರೆತಲೆನೋವು. ಡಾಕ್ಟರು ಮೈಗ್ರೇನ್ ಅಂತಾರ. ಕಣ್ಣು ಮುಚ್ಚಿದರೂ ಕಾಣತೈತಿ ಅಂದ್ರ ಅದು ಕಣ್ಣಾಗಿಲ್ಲ, ತಲಿ ಒಳಗಿನ ಮಿದುಳಿನಾಗ ಐತಿ."

ಅಕ್ಕನಾಗಮ್ಮ ಬಿಡಲಿಲ್ಲ. ಮಿದುಳು ಒಳಗಿದ್ದರೆ ಮುಖ ಯಾಕೆ ಬೆಳ್ಳಗಾಗುತ್ತದೆ, ಆಮೇಲೆ ನರ ಯಾಕೆ ಉಬ್ಬುತ್ತದೆ ಎಂದು ಪಟ್ಟು ಹಿಡಿದಳು. ಎರ್ರಮ್ಮ ಮೆಣಸಿನಕಾಯಿ ರಾಶಿಯ ಪಕ್ಕದಲ್ಲೇ ಕೂತು ತಾಳ್ಮೆಯಿಂದ ಹೇಳಿದಳು.

"ನಿಮ್ಮ ಹೊಲಕ್ಕ ಕಾಲುವಿ ನೀರು ಬರತೈತಲ್ಲ. ಮ್ಯಾಲೆ ತೂಬಿನಾಗ ಬಾಗಿಲು ಇಳಿಸಿದ್ರ ನಿಮ್ಮ ಹೊಲದಾಗ ನೀರು ಕಡಿಮಿ ಆಗತೈತಿ. ಎತ್ತಿದ್ರ ಬದು ಒಡಿಯೋ ಹಂಗ ಬರತೈತಿ. ಇಲ್ಲೂ ಹಂಗ. ಮಿದುಳಿನಾಗ ಒಂದು ಗದ್ದಲ ಏಳತೈತಿ, ನೀರಾಗ ಅಲಿ ಎದ್ದಂಗ ಹರಡತೈತಿ. ಮುಖದಾಗಿನ ರಕ್ತದ ಹರಿವು ಅದರ ಹುಕುಂ ಕೇಳತೈತಿ. ಒಮ್ಮಿ ಕಡಿಮಿ ಆಗತೈತಿ, ಒಮ್ಮಿ ಜಾಸ್ತಿ ಆಗತೈತಿ. ಅದಕ್ಕ ಮುಖ ಬಿಳಚತೈತಿ, ಕಣತಲಿ ಬಡೀತೈತಿ. ಅದು ಬರೀ ಸುದ್ದಿ ಹೇಳತೈತಿ. ಗದ್ದಲ ಇರೋದು ಒಳಗ."

ದೊಡ್ಡ ಡಾಕ್ಟರುಗಳಿಗೂ ಇದು ಇನ್ನೂ ಪೂರ್ತಿ ಬಗೆಹರಿದಿಲ್ಲ, ಹುಡುಕುತ್ತಲೇ ಇದ್ದಾರೆ ಎಂದೂ ಅವಳು ಮುಚ್ಚಿಡದೆ ಹೇಳಿದಳು. ಆದರೆ ಒಂದಂತೂ ಖರೆ. ಇಂಥ ತಲೆಗೆ ಹಸಿವು ಆಗಿಬರುವುದಿಲ್ಲ, ಬಿಸಿಲು ಆಗಿಬರುವುದಿಲ್ಲ, ಘಾಟು ಆಗಿಬರುವುದಿಲ್ಲ. ಹುಡುಗಿಗೆ ಉಪವಾಸ ಬಿಡಿಸಿ, ಬಳ್ಳಾರಿಯಲ್ಲಿ ಡಾಕ್ಟರಿಗೆ ತೋರಿಸಿ ಎಂದಳು. ಇದು ತಾಯಿಯಿಂದ ಮಕ್ಕಳಿಗೆ ಬರುವುದೂ ಉಂಟು ಎನ್ನುತ್ತ ಶಿವಬಸಮ್ಮನ ಕಡೆ ತಿರುಗಿ, ನಿನಗೇನಾದರೂ ಇದೆಯೇ ಎಂದು ಕೇಳಿದಳು.

ಶಿವಬಸಮ್ಮ ಸೆರಗು ಎಳೆದುಕೊಂಡು, ಇತ್ತು, ಬರೆ ಹಾಕಿಸಿದ ಮೇಲೆ ನಿಂತಿತು ಎಂದಳು. ಅತ್ತೆ ಎದುರಿಗೇ ಕೂತಿದ್ದಳು, ಇನ್ನೇನು ಹೇಳುತ್ತಾಳೆ ಪಾಪ.

ಆ ಒಂದು ಮಾತು ಸಾಕಾಯಿತು. ನರ್ಸಮ್ಮ ಅತ್ತ ಹೋದದ್ದೇ ಅಕ್ಕನಾಗಮ್ಮ ನಿಶ್ಚಯ ಮಾಡಿಬಿಟ್ಟಳು. ತಾಯಿಗೆ ಯಾವುದರಿಂದ ವಾಸಿಯಾಯಿತೋ ಮಗಳಿಗೂ ಅದರಿಂದಲೇ ವಾಸಿಯಾಗಬೇಕು, ಬರುವ ಸೋಮವಾರವೇ ಕೆಂಚನಗುಡ್ಡ ಎಂದಳು. ಉಜ್ಜಿನಪ್ಪ ಹೂಂ ಎಂದ. ಶಿವಬಸಮ್ಮ ಒಲೆಯ ಮುಂದೆ ಕೂತು, ತಾನು ಆಡಿದ ಸುಳ್ಳೇ ಮಗಳ ಕಣತಲೆಗೆ ಕೆಂಡವಾಗಿ ಬರುತ್ತದಲ್ಲ ಎಂದು ಸಂಕಟಪಟ್ಟಳು. ನಿಜ ಹೇಳೋಣ ಎಂದು ಎರಡು ಮೂರು ಸಲ ಬಾಯಿವರೆಗೆ ಬಂತು. ಬೈಗುಳ ಕೇಳಲಿಕ್ಕೂ ಮೈಯಲ್ಲಿ ತ್ರಾಣ ಬೇಕಾಗುತ್ತದೆ, ಅವಳಲ್ಲಿ ಅದೂ ಉಳಿದಿರಲಿಲ್ಲ.

ಸೋಮವಾರ ಅಜ್ಜಿ, ತಾಯಿ, ಮಗಳು ಮೂವರೂ ಸಿರುಗುಪ್ಪದ ಬಸ್ಸು ಹತ್ತಿದರು. ಬರೆಗೆ ಖಾಲಿ ಹೊಟ್ಟೆಯೇ ಆಗಬೇಕು ಎಂಬ ಕಟ್ಟಳೆ ಇತ್ತು. ಅಕ್ಕನಾಗಮ್ಮ ಸಂಜೆಗೆಂದು ರೊಟ್ಟಿಯ ಗಂಟು ಕಟ್ಟಿಕೊಂಡಿದ್ದಳು. ಬಸ್ಸಿನಲ್ಲಿ ಡೀಸೆಲ್ ವಾಸನೆ, ಕಾಲಿಡಲು ಜಾಗವಿಲ್ಲ, ಕಿಟಕಿಯಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಸಿರುಗುಪ್ಪದಲ್ಲಿ ಇಳಿದು ಗುಡ್ಡದ ಕಡೆಯ ಗಾಡಿ ಹತ್ತುವಷ್ಟರಲ್ಲಿ ವಿರೂಪಿ ಕಣ್ಣು ಉಜ್ಜತೊಡಗಿದ್ದಳು. ಗುಡ್ಡ ಹತ್ತಿರ ಬಂದಂತೆ ಗಾಳಿಗೆ ಪುಕುಪುಕು ಶುರುವಾಯಿತು ನೋಡು ಎಂದು ಅಜ್ಜಿ ಸಮಾಧಾನಪಟ್ಟಳು. ಶಿವಬಸಮ್ಮನ ಎಡಗಡೆಯ ಕಣತಲೆಯೂ ಆಗಲೇ ಬಡಿಯುತ್ತಿತ್ತು. ಅವಳು ಮಗಳ ತಲೆಯ ಮೇಲೆ ಸೆರಗು ಹಾಕಿ ಬಿಸಿಲಿಗೆ ಅಡ್ಡವಾಗಿ ಕೂತಳು.

ಗಾದೆಪ್ಪ ಮೋಸಗಾರನಲ್ಲ. ಹೊಳೆದಂಡೆಯಲ್ಲಿ ಭತ್ತ ಬೆಳೆಯುವ ಮುದುಕ. ಅವನ ಅಪ್ಪ ಬರೆ ಹಾಕುತ್ತಿದ್ದ, ಇವನೂ ಹಾಕುತ್ತಾನೆ. ದುಡ್ಡು ಮುಟ್ಟುವುದಿಲ್ಲ, ಒಂದು ತೆಂಗಿನಕಾಯಿ ಇಟ್ಟರೆ ಆಯಿತು. ಆತ ಹುಡುಗಿಯನ್ನು ಕಂಬಳಿಯ ಮೇಲೆ ಮಲಗಿಸಿ, ಕಣತಲೆಯ ಮೇಲೆ ಬೆರಳಾಡಿಸಿ ನರ ಹುಡುಕಿದ. ಅರಿಶಿಣದ ಕೊಂಬನ್ನು ದೀಪಕ್ಕೆ ಹಿಡಿದ. ಮಕ್ಕಳಾದರೆ ತಲೆ ಹಿಡಿಯಬೇಕಾದವಳು ತಾಯಿಯೇ ಎಂಬುದು ಅವರ ಮನೆತನದ ಪದ್ಧತಿ. ಹೆತ್ತ ಕೈಯಲ್ಲಿದ್ದರೆ ಕೂಸು ಅಲುಗಾಡುವುದಿಲ್ಲವಂತೆ.

ಶಿವಬಸಮ್ಮ ಮಗಳ ತಲೆಯ ಹತ್ತಿರ ಕೂತು ಎರಡೂ ಅಂಗೈಯಲ್ಲಿ ಮುಖ ಹಿಡಿದಳು. ಹುಡುಗಿಯ ಕೆನ್ನೆ ತಣ್ಣಗಿತ್ತು, ತುಟಿಯಲ್ಲೂ ರಕ್ತವಿಲ್ಲ. ಹೆಬ್ಬೆರಳಿನ ಕೆಳಗೆ ನರ ಬಡಿಯುತ್ತಿತ್ತು. ಅವಳ ಸ್ವಂತ ಕಣತಲೆಯಲ್ಲೂ ಅದೇ ಬಡಿತ. ನರ್ಸಮ್ಮ ಹೇಳಿದ್ದು ಅವಳಿಗೆ ಆಗ ತಲೆಗೆ ಹತ್ತಿತು. ತೂಬು ಎಲ್ಲೋ ಇದೆ, ತಾವು ಹೊಲಕ್ಕೆ ಬೆಂಕಿ ಇಡಲು ಬಂದು ಕೂತಿದ್ದೇವೆ ಎನಿಸಿತು. ವಿರೂಪಿ ಅಳಲಿಲ್ಲ. ತಾಯಿಯ ಕೈಯಲ್ಲಿದ್ದೇನೆ ಎಂಬ ಧೈರ್ಯಕ್ಕೆ ಕಣ್ಣು ಮುಚ್ಚಿಕೊಂಡಿದ್ದಳು.

ಕೊಂಬಿನ ತುದಿ ಕೆಂಪಾಯಿತು. ಗಾದೆಪ್ಪ ಬಗ್ಗಿದ. ಶಿವಬಸಮ್ಮ ಮಗಳ ಕಣತಲೆಯ ಮೇಲೆ ತನ್ನ ಅಂಗೈ ಮುಚ್ಚಿದಳು.

"ಮೊದಲು ನನ್ನ ಕೈ ಮ್ಯಾಲೆ ಹಾಕ್ರಿ."

ಕೈ ತೆಗೆಯಬೇಕು, ಕೊಂಬು ಆರುತ್ತದೆ ಎಂದು ಗಾದೆಪ್ಪ ಮೆಲ್ಲಗೆ ಹೇಳಿದ. ಅಕ್ಕನಾಗಮ್ಮ ಸಿಟ್ಟಿಗೆದ್ದಳು. ಇಷ್ಟು ದೂರ ಬಂದು ಇದೇನು ಹುಚ್ಚಾಟ, ನಿನಗೆ ಇದೇ ಬರೆಯಿಂದ ನಿಂತಿಲ್ಲವೇ, ಮಗಳಿಗೆ ಯಾಕೆ ಅಡ್ಡ ಬರುತ್ತೀ ಎಂದು ಕೂಗಾಡಿದಳು.

"ನಿಂತಿಲ್ಲ, ಅತ್ತಿ," ಎಂದಳು ಶಿವಬಸಮ್ಮ. ದನಿ ಏರಿಸಲಿಲ್ಲ, ಏರಿಸುವ ಶಕ್ತಿಯೂ ಇರಲಿಲ್ಲ. "ಯಾವತ್ತೂ ನಿಂತಿಲ್ಲ. ಮೊನ್ನೆ ಬಂದಿತ್ತು. ಈಗೂ ಐತಿ."

"ಮತ್ತ ಇಷ್ಟು ವರ್ಷ ಯಾಕ ಬಾಯಿ ಬಿಡಲಿಲ್ಲ ನೀನು?"

"ಇನ್ನೊಂದು ಬರಿ ಹಾಕಸ್ತೀರಿ ಅಂತ."

ಅಕ್ಕನಾಗಮ್ಮ ತನ್ನ ಎರಡೂ ಕೈ ನೋಡಿಕೊಂಡಳು. ಸೊಸೆಯ ತಲೆ ಹಿಡಿದದ್ದು ತನ್ನ ಇವೇ ಕೈಗಳು ಎಂಬುದು ಅವಳಿಗೆ ನೆನಪಿತ್ತು. ಗಾದೆಪ್ಪ ಕೊಂಬನ್ನು ಬೂದಿಯಲ್ಲಿ ಒತ್ತಿ ಆರಿಸಿದ. ಆಮೇಲೆ ಶಿವಬಸಮ್ಮನ ಕಡೆ ತಿರುಗಿ ಮಾತಾಡಿದ.

"ವಾಸಿ ಆತು ಅಂತ ಬಂದು ಹೇಳಿದೋರು ಅದಾರವ್ವ. ಆಗಲಿಲ್ಲ ಅಂತ ಯಾರೂ ಬಂದು ಹೇಳಿಲ್ಲ ನನಗ."

ಹೇಳುವವರು ಯಾಕೆ ಬರುತ್ತಾರೆ ಮಾರಾಯರೇ? ಬಂದರೆ ಇನ್ನೊಂದು ಕಡೆ ಸುಡುತ್ತಾರೆ ಎಂಬ ಭಯ. ಹೀಗಾಗಿಯೇ ಬರೆಯ ಹೆಸರು ಬೆಳೆಯುತ್ತದೆ.

ಶಿವಬಸಮ್ಮ ಮಗಳನ್ನು ಎತ್ತಿಕೊಂಡು ಹೊರಗೆ ನಡೆದಳು. ಹತ್ತಿರದಲ್ಲೇ ಹಳೆಯ ಕಾಲದ ಒಂದು ಕಲ್ಲಿನ ಮಂಟಪ. ಒಳಗೆ ತಂಪು, ಅರೆಗತ್ತಲು. ಅಲ್ಲಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಹುಡುಗಿ ಒಮ್ಮೆ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು, ಗುಟುಕು ಗುಟುಕಾಗಿ ನೀರು ಕುಡಿಸಿ, ಸೆರಗು ನೆನೆಸಿ ಹಣೆಗೆ ಇಟ್ಟಳು. ವಿರೂಪಿ ನಿದ್ದೆ ಹೋದಳು. ಅಕ್ಕನಾಗಮ್ಮ ಬಂದು ಆಚೆ ಕಂಬಕ್ಕೆ ಒರಗಿ ಕೂತಳು. ಮೊದಲು ಗೊಣಗಿದಳು, ಆಮೇಲೆ ಮೊಮ್ಮಗಳ ಮುಖವನ್ನೇ ನೋಡುತ್ತ ಕೂತಳು. ಅದುವರೆಗೆ ಗಾಳಿ ಹುಡುಕಲು ಮುಖ ನೋಡಿದ್ದಳೇ ಹೊರತು ಮುಖ ಏನು ಹೇಳುತ್ತದೆ ಎಂದು ನೋಡಿರಲಿಲ್ಲ.

ನೆರಳು ಮಂಟಪದ ಮೆಟ್ಟಿಲು ದಾಟಿತು. ಹುಡುಗಿಯ ತುಟಿಗೆ ಬಣ್ಣ ಬಂತು. ಕೆನ್ನೆ ಬೆಚ್ಚಗಾಯಿತು. ಹುಬ್ಬಿನ ಗಂಟು ಸಡಿಲಾಯಿತು. ಹೊತ್ತು ಇಳಿಯುವಾಗ ಕಣ್ಣು ಬಿಟ್ಟು, "ಅಜ್ಜಿ, ಹಸಿವಾಗೈತಿ," ಎಂದಳು. ತಲೆ ನೋಯುತ್ತದೆಯೇ ಎಂದರೆ ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ಸೋಮವಾರದ ಉಪವಾಸ, ಇನ್ನೂ ದೀಪ ಹಚ್ಚಿರಲಿಲ್ಲ. ಅಕ್ಕನಾಗಮ್ಮ ಒಂದು ಗಳಿಗೆ ಗಂಟಿನ ಮೇಲೆ ಕೈಯಿಟ್ಟು ಕೂತಳು. ಆಮೇಲೆ ಗಂಟು ಬಿಚ್ಚಿದಳು. ರೊಟ್ಟಿ ಮುರಿದು, ಶೇಂಗಾ ಚಟ್ನಿಪುಡಿ ಹಚ್ಚಿ ಮೊಮ್ಮಗಳ ಬಾಯಿಗೆ ಇಟ್ಟಳು.

"ಇವತ್ತು ಬರಿ ಹಾಕಸಿದ್ರ, ಬರಿಯಿಂದಾನ ನಿಂತಿತು ಅಂತ ಊರಿಗೆಲ್ಲ ಹೇಳತಿದ್ನಿ," ಎಂದಳು. "ಇದು ತಾನಾಗಿ ಬರತೈತಿ, ತಾನಾಗಿ ಹೋಗತೈತಿ. ನಾವು ನಡುವ ಹೋಗಿ ಸುಟ್ಟು ಬರತೀವಿ."

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಬರೆಯ ಕಥೆ ಅಷ್ಟೇ. ಗಾಯದ ಮೇಲೆ ಬರೆ ಎಂದು ನಾವು ಗಾದೆಯಲ್ಲಿ ಆಡುತ್ತೇವೆ. ಇಲ್ಲಿ ಬರೆ ಹಾಕಿಯೇ ಗಾಯ ಮಾಡುತ್ತೇವೆ, ಒಳಗಿನ ನೋವು ಇದ್ದಲ್ಲೇ ಇರುತ್ತದೆ.

ಆ ವಾರದಲ್ಲೇ ಎರ್ರಮ್ಮನ ಜೊತೆ ತಾಯಿ ಮಗಳು ಇಬ್ಬರೂ ಬಳ್ಳಾರಿಗೆ ಹೋಗಿ, ಸತ್ಯನಾರಾಯಣಪೇಟೆಯಲ್ಲಿ ಒಬ್ಬ ಡಾಕ್ಟರಮ್ಮನನ್ನು ಕಂಡರು. ಅಕ್ಕನಾಗಮ್ಮ ಯಾರೂ ಕರೆಯದೆ ಹೊರಟು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಡಾಕ್ಟರಮ್ಮ ಕಣ್ಣು, ಕುತ್ತಿಗೆ, ಕೈಕಾಲು ಎಲ್ಲ ಪರೀಕ್ಷೆ ಮಾಡಿ, ಎರ್ರಮ್ಮ ಹೇಳಿದ್ದು ಸರಿ, ಇದು ಅರೆತಲೆನೋವೇ ಎಂದರು. ಇದು ಶಾಪವಲ್ಲ. ಅಮ್ಮನ ಮೂಗು ಮಗಳಿಗೆ ಬಂದಂತೆ ಅಮ್ಮನ ತಲೆನೋವೂ ಬಂದಿದೆ. ಬುಡಸಮೇತ ಕಿತ್ತು ಹಾಕುವ ಮದ್ದು ಇಲ್ಲ, ಆದರೆ ಅಂಕೆಯಲ್ಲಿ ಇಡಬಹುದು. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ, ಬೇಕಾದಷ್ಟು ನೀರು. ಬಿಸಿಲಿಗೆ ಹೋಗುವಾಗ ತಲೆ ಮುಚ್ಚಿಕೊಳ್ಳಬೇಕು, ಘಾಟಿನಿಂದ ದೂರ ಕೂರಬೇಕು. ಮಿಣಮಿಣ ಕಂಡು ತಲೆ ಹಿಡಿಯುತ್ತದೆ ಎನಿಸಿದ ಕೂಡಲೆ ಬರೆದುಕೊಟ್ಟ ಮಾತ್ರೆ ನುಂಗಿ ಕತ್ತಲೆ ಕೋಣೆಯಲ್ಲಿ ಮಲಗಬೇಕು. ದೊಡ್ಡವರ ಮಾತ್ರೆ ಮಕ್ಕಳಿಗೆ ಕೊಡಬಾರದು. ಅಂಗಡಿಯ ಮಾತ್ರೆಯನ್ನು ದಿನಾ ಕಡಲೆಯಂತೆ ನುಂಗಿದರೆ ಅದೇ ಹೊಸ ತಲೆನೋವು ತರುತ್ತದೆ. ಇಷ್ಟನ್ನೂ ಬಿಡಿಸಿ ಹೇಳಿ ಕಳಿಸಿದರು.

ದೇವರ ವ್ರತ ಬಿಡುವುದು ಹೇಗೆ ಎಂದು ಅಕ್ಕನಾಗಮ್ಮ ಅಳುಕುತ್ತ ಕೇಳಿದಳು. ಭಕ್ತಿ ನೀವು ಮಾಡಿ, ಊಟ ಅವಳು ಮಾಡಲಿ ಎಂದು ಡಾಕ್ಟರಮ್ಮ ನಕ್ಕರು. ಅಜ್ಜಿಗೂ ಅದು ಒಪ್ಪಿತವಾಯಿತು. ಈಗ ಸೋಮವಾರ ವಿರೂಪಿ ರೊಟ್ಟಿ ತಿಂದು ಸಾಲಿಗೆ ಹೋಗುತ್ತಾಳೆ, ಸಂಜೆ ಅಜ್ಜಿಯ ಕೈ ಹಿಡಿದು ಗುಡಿಗೆ ಹೋಗುತ್ತಾಳೆ. ತಲೆನೋವು ಪೂರ್ತಿ ಹೋಗಿದೆ ಎಂದು ಹೇಳಿದರೆ ಸುಳ್ಳಾದೀತು. ಬರುತ್ತದೆ, ಅಪರೂಪಕ್ಕೆ ಬರುತ್ತದೆ, ಬಂದಾಗ ಏನು ಮಾಡಬೇಕೆಂದು ಗೊತ್ತಿದೆ.

ಶಿವಬಸಮ್ಮನದೂ ಅಷ್ಟೇ. ಮೊನ್ನೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಪರಾತದ ಮೇಲೆ ಮಿಣಮಿಣ ಶುರುವಾಯಿತು. ರೂಢಿ ನೋಡಿ, ಕೈ ತಾನಾಗಿ ತಲೆಗೆ ಕಟ್ಟುವ ಬಟ್ಟೆ ಹುಡುಕಿತು. ಅಕ್ಕನಾಗಮ್ಮ ಬಾಗಿಲಲ್ಲಿ ನಿಂತು ಅವಳ ಮುಖ ನೋಡಿದಳು. ಮುಖ ಬಿಳಿಚಿತ್ತು. ಹತ್ತಿರ ಬಂದು ಕೈಯಿಂದ ಹಿಟ್ಟಿನ ಉಂಡೆ ತೆಗೆದುಕೊಂಡಳು. ಮಾತ್ರೆ, ನೀರು ಕೊಟ್ಟು ಒಳಕೋಣೆಗೆ ನಡೆಸಿದಳು. ಕಿಟಕಿಗೆ ಕಂಬಳಿ ಇಳಿಬಿಟ್ಟು, "ಮಲಕ್ಕೋ," ಎಂದಳು. "ರೊಟ್ಟಿ ನಾ ಬಡೀತೀನಿ."

ಆ ಮನೆಗೆ ಬಂದ ಮೇಲೆ ಹಗಲಲ್ಲಿ ಮಲಗು ಎಂಬ ಮಾತನ್ನು ಶಿವಬಸಮ್ಮ ಕೇಳಿದ್ದು ಅದೇ ಮೊದಲು. ಮಲಗಿದಳು. ಕಣ್ಣಲ್ಲಿ ನೀರು ಬಂತು, ನೋವಿಗಲ್ಲ. ಹೊರಗೆ ಹುಲುಗಮ್ಮ ಬಂದು, ಸೊಸೆ ಹಗಲಲ್ಲಿ ಮಲಗಿದ್ದಾಳಲ್ಲ ಎಂದು ರಾಗ ಎಳೆದಳು. ದನಿ ಇಳಿಸಿ ಮಾತಾಡು, ಅವಳಿಗೆ ತಲೆನೋವು ಎಂದು ಅಕ್ಕನಾಗಮ್ಮ ಗದರಿದ್ದು ಒಳಗೆ ಕೇಳಿಸಿತು.

ಅಕ್ಕಂದಿರೇ, ಅಣ್ಣಂದಿರೇ, ಕಥೆ ಕೇಳಿದಿರಿ. ಈಗ ನಿಮ್ಮ ಮನೆಯ ಮಾತಿಗೆ ಬನ್ನಿ. ತಲೆಯ ಒಂದು ಮಗ್ಗುಲು ಬಡಿದು, ವಾಂತಿ ಬಂದು, ಬೆಳಕು ಬೇಡ ಎನಿಸಿ, ಮುಖ ಬಿಳಿಚಿಕೊಂಡರೆ ಅದು ಗಾಳಿಯಲ್ಲ, ನಾಟಕವೂ ಅಲ್ಲ. ಅದು ಮಿದುಳಿನ ಕಾಯಿಲೆ, ಮುಖದ ರಕ್ತದ ಹರಿವಿನಲ್ಲಿ ಹೊರಗೆ ಕಾಣುತ್ತದೆ ಅಷ್ಟೇ. ಬರೆ ಹಾಕಿಸಬೇಡಿ, ಸುಣ್ಣ, ಗೇರುಬೀಜದ ಎಣ್ಣೆ ಹಚ್ಚಿ ಸುಡಬೇಡಿ. ಇಂಥ ತಲೆಯವರನ್ನು ಉಪವಾಸ ಕೆಡವಬೇಡಿ. ನರ್ಸಮ್ಮನಿಗೆ ಹೇಳಿ, ಡಾಕ್ಟರಿಗೆ ತೋರಿಸಿ. ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿ. ಹಿಂದೆಂದೂ ಇಲ್ಲದ ತಲೆನೋವು ಸಿಡಿಲು ಬಡಿದಂತೆ ಬಂದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಫಿಟ್ಸು ಬಂದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಶುರುವಾದರೆ ಒಂದು ಗಳಿಗೆಯೂ ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ನಿಮ್ಮ ಮನೆಯಲ್ಲೂ ತಲೆಗೆ ಬಟ್ಟೆ ಬಿಗಿದುಕೊಂಡು, ಕೇಳಿದರೆ ಪಿತ್ತ ಎಂದು ಹೇಳಿ, ಕೆಲಸ ಮಾಡುತ್ತಲೇ ಇರುವವಳು ಒಬ್ಬಳು ಇರಬಹುದು. ಇವತ್ತು ಮನೆಗೆ ಹೋದ ಕೂಡಲೆ ಅವಳ ಮುಖ ನೋಡಿ. ತಲೆನೋವೇನವ್ವ ಎಂದು ಕೇಳಿ. ಹೌದು ಅಂದರೆ, ನಂಬಿ.